ಜೋನಿಬೆಲ್ಲದ ಬಣ್ಣದ ಹುಳ

ಸಾಗರದಲ್ಲಿ ನಾಗೇಂದ್ರ ಎಂಬ ಹೆಸರಿನವರು ಬೀದಿಗೊಬ್ಬರು ಸಿಗುತ್ತಾರೆ. ಆದರೆ ಹೊಸನಗರಕ್ಕೆ ಹೋಗುವ ರಸ್ತೆಯ ಗ್ಯಾರೇಜುಗಳ ಸಾಲಿನಲ್ಲಿ ನಿಂತು ಪೇಂಟರ್ ನಾಗೇಂದ್ರನ ಮನೆ ಯಾವುದು ಎಂದು ಕೇಳಿ ನೋಡಿ. ಕೇಳಿಸಿಕೊಂಡವನು ನಿಮ್ಮನ್ನು ಒಮ್ಮೆ ಮೇಲಿಂದ ಕೆಳಗೆ ಅಳೆದು, “ಗಾಡಿಗೆ ಬಣ್ಣ ಹೊಡ್ಸಕ್ಕಾ, ಇಲ್ಲಾ ಅವನ್ನ ನೋಡಕ್ಕಾ?” ಎಂದು ತಿರುಗಿ ಕೇಳುತ್ತಾನೆ. ಅವು ಅಂದರೆ ಹಾವು. ನೋಡುವುದಕ್ಕೆ ಎಂದರೆ ಕೈ ತೋರಿಸಿ ದಾರಿ ಹೇಳುತ್ತಾನೆ. ತಾನು ಮಾತ್ರ ಜೊತೆಗೆ ಬರುವುದಿಲ್ಲ.

ನಾಗೇಂದ್ರನ ಅಪ್ಪ ಬೆಳ್ಳಪ್ಪ ಗೇಣಿ ಮಾಡಿಕೊಂಡಿದ್ದವರು, ಉಳುವವನೇ ಒಡೆಯ ಎಂಬ ಕಾನೂನು ಬಂದ ಮೇಲೆ ಗದ್ದೆಗೆ ಒಡೆಯರಾದವರು. ಗದ್ದೆ ಅಣ್ಣಂದಿರ ಪಾಲಿಗೆ ಹೋಯಿತು. ಕಿರಿಯವನಾದ ನಾಗೇಂದ್ರ ಗ್ಯಾರೇಜು ಸೇರಿ ಬಣ್ಣದ ಕೆಲಸ ಕಲಿತ. ಅವನಿಗೆ ಅದು ಒಲಿದು ಬಂದ ವಿದ್ಯೆ. ಗುದ್ದಿಸಿಕೊಂಡು ಬಂದ ಕಾರಿನ ಬಾಗಿಲಿಗೆ ಅವನು ಬಣ್ಣ ಬೆರೆಸಿ ಹೊಡೆದರೆ, ಹೊಸದು ಯಾವುದು ಹಳೆಯದು ಯಾವುದು ಎಂದು ಗಾಡಿಯ ಯಜಮಾನನಿಗೇ ಗೊತ್ತಾಗುತ್ತಿರಲಿಲ್ಲ. ಬಿಸಿಲಿಗೆ ಮಾಸಿದ ಕೆಂಪು, ಕೆಮ್ಮಣ್ಣು ಕುಡಿದ ಬಿಳಿ, ಎಲ್ಲವನ್ನೂ ಅವನ ಕಣ್ಣು ಹಿಡಿದುಬಿಡುತ್ತಿತ್ತು.

ಒಂದೇ ಒಂದು ಬೇಜಾರು ಅವನಿಗೆ ಇತ್ತು. ಡಬ್ಬಿಯ ಮೇಲೆ ಬಣ್ಣದ ಹೆಸರು ಮೊದಲೇ ಅಚ್ಚಾಗಿ ಬಂದಿರುತ್ತದೆ. ಅದು ಯಾರೋ ಎಲ್ಲೋ ಕೂತು ಇಟ್ಟ ಹೆಸರು. “ಇಷ್ಟು ವರ್ಷ ಬಣ್ಣದಲ್ಲೇ ಬದುಕಿದ್ದೀನಿ, ನಂದು ಅಂತ ಒಂದು ಬಣ್ಣ ಇಲ್ವಲ್ಲ ಮಾರಾಯ್ತಿ” ಎಂದು ಹೆಂಡತಿ ಸುಚಿತ್ರಾಳ ಹತ್ತಿರ ಹೇಳುತ್ತಿದ್ದ. ಸುಚಿತ್ರಾ ಟೈಲರಿಂಗ್ ಮಾಡುವವಳು. “ಮೊದ್ಲು ನಮ್ಮನೆ ಗೋಡೆಗೆ ಹೊಡೀರಿ, ಆಮೇಲೆ ನಿಮ್ದೇ ಹೆಸ್ರು ಇಡಿ” ಎಂದು ಅವಳು ಕತ್ತರಿ ಆಡಿಸುತ್ತಲೇ ಉತ್ತರ ಕೊಡುತ್ತಿದ್ದಳು. ಊರಿನ ಗಾಡಿಗಳೆಲ್ಲ ಹೊಳೆಯುವಾಗ ಅವನ ಮನೆಯ ಗೋಡೆ ಸುಣ್ಣ ಉದುರಿಸುತ್ತ ನಿಂತಿತ್ತು, ಅದು ನಿಜ.

ಹಾವು ಮನೆಗೆ ಬಂದದ್ದು ಬ್ಯಾಂಕಿನ ಅಧಿಕಾರಿಯೊಬ್ಬರಿಂದ. ಅವರು ಕಾರಿಗೆ ಬಣ್ಣ ಹೊಡೆಸಲು ಬಂದು ಪರಿಚಯವಾದವರು. ಅವರ ಮನೆಯಲ್ಲಿ ಬೋವಾ ಇತ್ತು. ಬೋವಾ ಎಂದರೆ ನಮ್ಮ ಹೆಬ್ಬಾವಿನ ದೂರದ ನೆಂಟ. ಹೊರದೇಶದ್ದು, ವಿಷ ಇಲ್ಲ, ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಉತ್ತರದ ಕಡೆಗೆ ವರ್ಗವಾದಾಗ ಅವರು ಅದನ್ನು ಕಾಗದಪತ್ರ ಸಮೇತ ನಾಗೇಂದ್ರನಿಗೆ ಒಪ್ಪಿಸಿ ಹೋದರು. ಅರಣ್ಯ ಇಲಾಖೆಯಲ್ಲಿ ನೋಂದಣಿ, ಮರಿ ಮಾಡಿಸಲು ಪರವಾನಗಿ, ಎಲ್ಲವನ್ನೂ ಅವನು ಓಡಾಡಿ ಮಾಡಿಸಿಕೊಂಡ. ಮಗಳ ಜಾತಿ ಪ್ರಮಾಣಪತ್ರಕ್ಕೆ ಒಂದು ದಿನ ಹೋಗದ ಮನುಷ್ಯ ಹಾವಿಗಾಗಿ ಎಷ್ಟು ಸಲ ಹೋದ ಎಂದು ಸುಚಿತ್ರಾ ಇವತ್ತಿಗೂ ಹೇಳುತ್ತಾಳೆ.

ಆ ಹಾವಿನ ಹೆಸರು ಕೆಂಪಿ. ಎಲ್ಲ ಬೋವಾಗಳಂತೆ ಅದೂ ಕಂದು ಮೈ, ಬೆನ್ನ ಮೇಲೆ ಕಪ್ಪು ಪಟ್ಟೆ, ಬಾಲದ ಕಡೆ ಕೆಂಪು ಇರಬೇಕಿತ್ತು. ಕೆಂಪಿ ಹಾಗಿರಲಿಲ್ಲ. ಅದರ ಮೈಯೆಲ್ಲ ಜೋನಿಬೆಲ್ಲದ ಬಣ್ಣ. ಆಲೆಮನೆಯ ಕೊಪ್ಪರಿಗೆಯಿಂದ ಆಗಷ್ಟೇ ತೆಗೆದ ಜೋನಿಬೆಲ್ಲವನ್ನು ಬಿಸಿಲಿಗೆ ಎತ್ತಿ ಹಿಡಿದರೆ ಕಾಣುತ್ತದಲ್ಲ, ಮೇಲೆ ಕಂದು, ಒಳಗೆ ಕೆಂಪು, ಇನ್ನೂ ಒಳಗೆ ಚಿನ್ನ, ಅದೇ. ಮೊದಲ ಸಲ ನೋಡಿದ ದಿನ ನಾಗೇಂದ್ರ ಗ್ಯಾರೇಜಿಗೆ ಹೋಗಿ ಆ ಬಣ್ಣ ಬೆರೆಸಲು ಕೂತ. ಸಂಜೆಯವರೆಗೂ ಬೆರೆಸಿದ. ಬರಲಿಲ್ಲ. ಜೀವನದಲ್ಲಿ ಅವನ ಕೈಗೆ ಸಿಗದ ಮೊದಲ ಬಣ್ಣ ಅದು. ಆವತ್ತಿನಿಂದ ಅವನಿಗೆ ಹುಚ್ಚು ಹಿಡಿಯಿತು.

ಬೋವಾ ಸಾಕುವವರದ್ದು ದೇಶದ ತುಂಬ ಒಂದು ಬಳಗವಿದೆ. ಫೋನಿನಲ್ಲಿ ಅವರದ್ದೊಂದು ಗುಂಪು. ನಾಗೇಂದ್ರ ಅದಕ್ಕೆ ಸೇರಿಕೊಂಡ. ಅಲ್ಲಿ ಪ್ರತಿಯೊಂದು ಬಣ್ಣಕ್ಕೂ ಒಂದು ಹೆಸರು. ಬಿಳಿಗೆ ಒಂದು, ಬೂದಿಗೆ ಒಂದು, ಕಪ್ಪೇ ಇಲ್ಲದ ಕೇಸರಿಗೆ ಇನ್ನೊಂದು. ಹೆಸರಿಡುವುದಕ್ಕೆ ಅಲ್ಲಿ ಒಂದು ಕಟ್ಟಳೆ ಉಂಟು. ಒಂದು ಹಾವಿಗೆ ವಿಚಿತ್ರ ಬಣ್ಣ ಬಂದರೆ ಸಾಲದು. ಆ ಬಣ್ಣ ಮರಿಗೆ ಇಳಿಯಬೇಕು. ಇಳಿದರೆ ಅದು ಒಂದು ವಂಶದ ಬಣ್ಣ, ಇಳಿಸಿದವನು ಹೆಸರಿಡಬಹುದು, ಲೋಕವೆಲ್ಲ ಅದೇ ಹೆಸರಿನಿಂದ ಕರೆಯುತ್ತದೆ. ಇಳಿಯದಿದ್ದರೆ ಅದು ಬರೀ ಒಂದು ಮಚ್ಚೆ, ಹಾವಿನ ಜೊತೆಗೇ ಮುಗಿದು ಹೋಗುತ್ತದೆ.

ಇದನ್ನು ಓದಿದ ನಾಗೇಂದ್ರನಿಗೆ ತನ್ನ ಜನ್ಮ ಯಾಕಾಯಿತು ಎಂಬುದು ಗೊತ್ತಾದ ಹಾಗಾಯಿತು. ಡಬ್ಬಿಯ ಮೇಲಿಲ್ಲದ ಒಂದು ಬಣ್ಣ, ಅದಕ್ಕೆ ತಾನಿಟ್ಟ ಹೆಸರು.

ಗುಂಪಿನವರೊಬ್ಬರಿಂದ ಒಂದು ಗಂಡನ್ನು ತಂದು ಕೆಂಪಿಯ ಜೊತೆ ಬಿಟ್ಟ. ಮೊದಲ ಸಲ ಕೆಂಪಿ ಮರಿ ಹಾಕಿದಾಗ ಒಂದೂ ಜೋನಿಬೆಲ್ಲ ಇರಲಿಲ್ಲ. ಎಲ್ಲವೂ ಅಪ್ಪನಂತೆ ಮಾಮೂಲಿ ಕಂದು. ನಾಗೇಂದ್ರ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಗುಂಪಿನ ಹಿರಿಯರೊಬ್ಬರು ಸಮಾಧಾನ ಹೇಳಿದರು: ಬಣ್ಣ ಮರಿಗಳ ರಕ್ತದಲ್ಲಿ ಅಡಗಿರಬಹುದು, ಒಂದು ಗಂಡು ಮರಿಯನ್ನು ಉಳಿಸಿಕೊಂಡು ಬೆಳೆಸು, ಮತ್ತೆ ಕೆಂಪಿಯ ಜೊತೆಗೇ ಬಿಡು, ಅಡಗಿದ್ದರೆ ಆಗ ಹೊರಗೆ ಬರುತ್ತದೆ. ಅವನು ಹಾಗೇ ಮಾಡಿದ. ಉಳಿದ ಮರಿಗಳನ್ನು ಕೇಳಿದವರಿಗೆ ಕೊಟ್ಟು, ಒಂದು ಗಂಡನ್ನು ಉಳಿಸಿಕೊಂಡು ವರ್ಷಗಟ್ಟಲೆ ಕಾದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವನು ಹೆಗ್ಗಣವನ್ನು ಫ್ರೀಜರಿನಲ್ಲಿಟ್ಟು ಹಾವಿಗೆ ತಿನ್ನಿಸುತ್ತ ಹಾವನ್ನು ಮುದ್ದು ಮಾಡಿದ. ಐಸ್‌ಕ್ರೀಮ್ ಅಂಗಡಿಯವರ ಹಳೆಯ ಫ್ರೀಜರು ಅದು. ಮೇಲೆ ಕೆನೆಯ ಚಿತ್ರ ಇನ್ನೂ ಹಾಗೇ ಇತ್ತು. ಮನೆಗೆ ಬಂದ ನೆಂಟರ ಮಕ್ಕಳು ಅದರ ಮುಚ್ಚಳಕ್ಕೆ ಕೈ ಹಾಕಿದಾಗಲೆಲ್ಲ ಸುಚಿತ್ರಾ ಎಲ್ಲಿದ್ದರೂ ಓಡಿಬರುತ್ತಿದ್ದಳು.

ಈ ಎಲ್ಲದರ ನಡುವೆ ಮನೆಯಲ್ಲಿ ಇನ್ನೊಬ್ಬಳಿದ್ದಳಲ್ಲ, ನಾಗೇಂದ್ರನ ತಾಯಿ ಗುತ್ಯಮ್ಮ. ಅವಳ ಬಾಯಲ್ಲಿ ಹಾವು ಎಂಬ ಮಾತೇ ಬರುವುದಿಲ್ಲ. ಹೆಸರು ಹಿಡಿದರೆ ಬಂದುಬಿಡುತ್ತದೆ ಎಂದು ಹಿಂದಿನವರು ಹೇಳುತ್ತಿದ್ದರು. ಅವಳ ಅವ್ವ ಬಳ್ಳಿ ಎನ್ನುತ್ತಿದ್ದಳಂತೆ, ಇವಳು ಹುಳ ಎನ್ನುತ್ತಾಳೆ. ಹಿತ್ತಲಲ್ಲಿ ಕೇರೆ ಹರಿದರೂ ಹುಳ, ನಾಗರ ಹರಿದರೂ ಹುಳ. ಮಗ ಹಾವಿಗೆಂದೇ ಬಿಟ್ಟುಕೊಟ್ಟ ಕೋಣೆಯಲ್ಲಿರುವುದು “ನಿನ್ನ ಹುಳ”. ಆ ಕೋಣೆಯ ಹೊಸ್ತಿಲು ದಾಟಿ ಅವಳು ಒಂದು ದಿನವೂ ಒಳಗೆ ಕಾಲಿಟ್ಟವಳಲ್ಲ. ಬೆಳಿಗ್ಗೆ ಸಂಜೆ ಬಾಗಿಲಲ್ಲಿ ನಿಂತು ಒಳಗೆ ಶಾಖದ ದೀಪ ಉರಿಯುತ್ತಿದೆಯೋ ಇಲ್ಲವೋ ನೋಡುವಳು. ಕರೆಂಟು ಹೋಗಿ ಒಳಗಿನ ಶಾಖ ಕಡಿಮೆಯಾದರೆ ತನಗೆ ಹೇಳಬೇಕು ಎಂದು ಮಗ ಕಟ್ಟುಮಾಡಿದ್ದ. ಅಷ್ಟನ್ನು ಅವಳು ತಪ್ಪದೆ ಮಾಡುತ್ತಿದ್ದಳು.

ಕೆಂಪಿಗೆ ಮತ್ತೆ ಗಂಡು ಬಿಟ್ಟ ಸುದ್ದಿ ಗೊತ್ತಾದಾಗ ಅವಳು ಕೇಳಿದ ಮೊದಲ ಪ್ರಶ್ನೆ, “ಗಂಡಿಂದು ಯಾವ ಬಳಿ?”

ಅವರ ಜನದಲ್ಲಿ ಬಳಿ ಅನ್ನುವುದು ತಾಯಿಯಿಂದ ಬರುವ ಕುಲ. ಒಂದೇ ಬಳಿಯವರು ಅಣ್ಣ ತಂಗಿ ಇದ್ದ ಹಾಗೆ, ಮದುವೆ ಆಗುವಂತಿಲ್ಲ. ಇಲ್ಲಿ ನೋಡಿದರೆ ಬಳಿಯ ಮಾತು ಹಾಗಿರಲಿ, ಹೊಟ್ಟೆಯಲ್ಲಿ ಹುಟ್ಟಿದ ಮಗ. ನಾಗೇಂದ್ರ ಗಂಟಲು ಸರಿಮಾಡಿಕೊಂಡು, “ಬೇರೆ ಬಳಿ ಅಮ್ಮ. ಪುಣೆ ಕಡೇದು” ಎಂದ.

“ಹಂಗಾದ್ರೆ ಅಡ್ಡಿಲ್ಲ” ಎಂದಳು ಗುತ್ಯಮ್ಮ. ಸುಚಿತ್ರಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಕೆಂಪಿ ಗಬ್ಬವಾಯಿತು. ನಾಗೇಂದ್ರ ಹೆಸರು ಹುಡುಕಲು ಶುರುಮಾಡಿದ. ಮಲ್ನಾಡ್ ಕಾಪರ್, ಶರಾವತಿ ಸನ್‌ಸೆಟ್, ಇಂಥವೇ. ಊಟಕ್ಕೆ ಕೂತಾಗಲೂ ಒಂದೊಂದು ಹೇಳಿ ಮಗಳು ಧನ್ಯಶ್ರೀಯ ಮುಖ ನೋಡುತ್ತಿದ್ದ. ಪಿಯುಸಿ ಪರೀಕ್ಷೆ ಮುಗಿಸಿ ಕೂತಿದ್ದ ಅವಳು, “ಕಾರಿನ್ ಹೆಸ್ರು ಇದ್ದಂಗಿದೆ ಅಪ್ಪ” ಎಂದು ತಳ್ಳಿಹಾಕುತ್ತಿದ್ದಳು. ಗುತ್ಯಮ್ಮ ಅನ್ನಕ್ಕೆ ಸಾರು ಕಲಸುತ್ತ, “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ಬೇಡ” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಬಾಯಿ ಮುಚ್ಚುತ್ತಿದ್ದನೇ ಹೊರತು ಮನಸ್ಸು ಮುಚ್ಚಲಿಲ್ಲ. ಈ ಸಲವೂ ಎಲ್ಲ ಕಂದೇ ಹುಟ್ಟಿದರೆ ಅಲ್ಲಿಗೆ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು. ಕೆಂಪಿಗೆ ವಯಸ್ಸಾಗುತ್ತಿತ್ತು, ಇನ್ನೊಂದು ಬಸಿರು ಅದರ ಮೈಗೆ ಭಾರ. ಆಸೆ, ಹೆದರಿಕೆ ಎರಡೂ ಸೇರಿ ಅವನ ನಿದ್ದೆ ಕೆಡಿಸಿದ್ದವು.

ಅದು ಸಿಗಂದೂರಿಗೆ ಸೇತುವೆ ಆಗುವ ಮುಂಚಿನ ಬೇಸಿಗೆ. ಹಿನ್ನೀರಿನಲ್ಲಿ ಕಂಬಗಳು ಎದ್ದು ನಿಂತಿದ್ದವು, ಜನ ಇನ್ನೂ ಹೊಳೆಬಾಗಿಲಿನಿಂದ ಲಾಂಚಿನಲ್ಲೇ ದಾಟುತ್ತಿದ್ದರು. ಮರಿ ಹಾಕಲು ಇನ್ನೂ ಹದಿನೈದು ದಿನವಾದರೂ ಇದೆ ಎಂದು ಲೆಕ್ಕ ಹಾಕಿದ ನಾಗೇಂದ್ರ, ಸಿಗಂದೂರಿನ ಚೌಡಮ್ಮನಿಗೆ ಒಂದು ಹಣ್ಣುಕಾಯಿ ಮಾಡಿಸಿ ಬರೋಣ ಎಂದು ಹೊರಟ. ಮಗಳ ರಿಸಲ್ಟಿಗಾಗಿ ಎಂದು ಮನೆಯಲ್ಲಿ ಹೇಳಿದ್ದ. ಸುಚಿತ್ರಾ ನಂಬಿದ ಹಾಗೆ ಮಾಡಿದಳು. ಗುತ್ಯಮ್ಮನಿಗೆ ಮಂಡಿನೋವು, ಅವಳು ಮನೆಯಲ್ಲೇ ಉಳಿದಳು. ಹಳೆಯ ಓಮ್ನಿಯಲ್ಲಿ ಉಳಿದ ಮೂವರೂ ಬೆಳಿಗ್ಗೆಯೇ ಹೊರಟು, ಲಾಂಚಿನಲ್ಲಿ ದಾಟಿ, ದೇವಸ್ಥಾನಕ್ಕೆ ಹೋದರು. ಅಮ್ಮನೆದುರು ಕೈಮುಗಿದು ನಿಂತ ನಾಗೇಂದ್ರ ಏನು ಬೇಡಿಕೊಂಡ ಎಂಬುದು ಅವನಿಗೂ ಅಮ್ಮನಿಗೂ ಮಾತ್ರ ಗೊತ್ತು. ಧನ್ಯಶ್ರೀಯ ರಿಸಲ್ಟನ್ನು ಅವನು ಕೊನೆಗೆ ನೆನಪಾಗಿ ಸೇರಿಸಿದ.

ಹೊಳೆಯ ಆಚೆ ದಡದಲ್ಲಿ ಫೋನಿನ ಸಿಗ್ನಲ್ ಸಿಗುವುದು ದೇವರ ದರ್ಶನಕ್ಕಿಂತ ಕಷ್ಟ. ಆದರೂ ಊಟ ಮುಗಿಸಿ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಿದ್ದಾಗ ಅವನ ಫೋನು ಹೊಡೆದುಕೊಂಡಿತು. ಗುತ್ಯಮ್ಮ. ಧ್ವನಿ ತುಂಡುತುಂಡಾಗಿ ಬರುತ್ತಿತ್ತು.

“ನಾಗೇಂದ್ರಾ... ಹುಳ ಆಗ್ಯಾವೆ ಕಣಾ. ಡಬ್ಬಿ ತುಂಬ... ಸಣ್ಣ ಸಣ್ಣವು, ರಾಶಿ... ಹರಿದಾಡ್ತಾವೆ. ಎಂತ ಮಾಡ್ಲಿ?”

ಅಕ್ಕಿ ಡಬ್ಬಿಗೆ ಹುಳ ಬಿದ್ದಿದೆ ಎಂದು ಸುಚಿತ್ರಾ ಆ ವಾರವೆಲ್ಲ ಗೊಣಗಿದ್ದಳು. ನಾಗೇಂದ್ರನಿಗೆ ನಗು ಬಂತು. ಇಷ್ಟಕ್ಕೆ ಫೋನು ಮಾಡುವುದೇ!

“ಅದ್ಕೆಂತ ಗಾಬ್ರಿ ಅಮ್ಮ? ಅಂಗಳಕ್ಕೆ ತಂದು ಬಿಸ್ಲಿಗೆ ಹಾಕು.”

“ಬಿಸ್ಲಿಗಾ?”

“ಹೂಂ, ಬಿಸ್ಲಿಗೇ. ಚೆನ್ನಾಗಿ ಕಾಯ್ಲಿ. ಒಂದೂ ಉಳಿಯಲ್ಲ.”

“ನೀ ಹೇಳಿದ್ ಮೇಲೆ...” ಎಂದಳು ಗುತ್ಯಮ್ಮ. ಫೋನು ಸತ್ತಿತು.

ಲಾಂಚಿಗೆ ಕಾಯುವ ಗಾಡಿಗಳ ಸಾಲು ಉದ್ದವಿತ್ತು. ಸಾಲಿನಲ್ಲಿ ಓಮ್ನಿ ನಿಲ್ಲಿಸಿ, ಕಲ್ಲಂಗಡಿ ತಿನ್ನುತ್ತ, ನಾಗೇಂದ್ರ ತಾಯಿಯ ಫೋನಿನ ವಿಷಯವನ್ನು ತಮಾಷೆಯಾಗಿ ಹೇಳಿದ. ಅಕ್ಕಿಗೆ ಹುಳ ಬಿದ್ದರೆ ಏನು ಮಾಡಬೇಕು ಎಂದು ಎಪ್ಪತ್ತು ದಾಟಿದ ಹೆಂಗಸು ಪೇಂಟರನ್ನು ಕೇಳುತ್ತಾಳಲ್ಲ!

ಸುಚಿತ್ರಾ ನಗಲಿಲ್ಲ. “ಅಕ್ಕಿನಾ? ಅಕ್ಕಿ ನಾ ಮೊನ್ನೆನೇ ಒಣಗ್ಸಿ, ಕೇರಿ, ಬೇವಿನೆಲೆ ಹಾಕಿ ಇಟ್ಟೀನಿ. ಅದ್ರಲ್ಲಿ ಎಲ್ಲಿಂದ ಬರ್ಬೇಕು ಹುಳ?” ಎಂದಳು. ಆಮೇಲೆ ಅವಳ ಮುಖ ಬೇರೆಯಾಯಿತು. “ಇವ್ರೇ, ಅತ್ತೆ ಹುಳ ಅಂದ್ರೆ...”

ನಾಗೇಂದ್ರನ ಕೈಯಿಂದ ಕಲ್ಲಂಗಡಿ ಕೆಳಗೆ ಬಿತ್ತು. ಕೆಂಪಿ ಮರಿ ಹಾಕಿತ್ತು. ಅವನ ಲೆಕ್ಕ ತಪ್ಪಿತ್ತು. ಡಬ್ಬಿ ಎಂದರೆ ಕೆಂಪಿಯನ್ನು ಇಟ್ಟಿದ್ದ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಅದನ್ನು ಏಪ್ರಿಲ್ ತಿಂಗಳ ನಡುಮಧ್ಯಾಹ್ನದ ಬಿಸಿಲಿಗೆ ಹಾಕು ಎಂದು ತಾನೇ ಬಾಯಾರೆ ಹೇಳಿದ್ದ. ಒಂದೂ ಉಳಿಯಲ್ಲ ಎಂದೂ ಹೇಳಿದ್ದ. ಆಗಷ್ಟೇ ಹುಟ್ಟಿದ ಮರಿ ಆ ಬಿಸಿಲಿನಲ್ಲಿ ಅರ್ಧ ಗಂಟೆ ತಡೆಯುವುದಿಲ್ಲ.

ಫೋನು ತೆಗೆದ. ಸಿಗ್ನಲ್ ಇಲ್ಲ. ಓಮ್ನಿಯ ಮೇಲೆ ಹತ್ತಿ ಕೈಯೆತ್ತಿ ಹಿಡಿದ. ಇಲ್ಲ. ಲಾಂಚು ಆಗಷ್ಟೇ ಆಚೆ ದಡಕ್ಕೆ ಹೋಗಿತ್ತು. ಅವನು ದಡದಲ್ಲಿ ಅತ್ತಿಂದಿತ್ತ ಓಡಾಡಿದ, ಸೇತುವೆಯ ಅರ್ಧಂಬರ್ಧ ಕಂಬಗಳಿಗೆ ಬಾಯಿಗೆ ಬಂದ ಹಾಗೆ ಬೈದ. ಕಂಬಗಳ ತಪ್ಪೇನಿತ್ತು? ಸುಚಿತ್ರಾ ಮುಂದಿನ ಗಾಡಿಯವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿಕೊಂಡಳು. “ಮನೇಲಿ ಬಾಣಂತಿ ಇದಾಳೆ, ತೊಂದ್ರೆ ಆಗಿದೆ, ಒಂಚೂರು ಮುಂದೆ ಬಿಡಿ” ಎಂದಳು. ಎಷ್ಟು ಚೆನ್ನಾಗಿ ಹೇಳಿದಳೆಂದರೆ ಬಸ್ಸಿನವನು ಹಿಂದೆ ಸರಿದು ಜಾಗ ಬಿಟ್ಟ. ಸುಳ್ಳೇನೂ ಅಲ್ಲವಲ್ಲ.

ಲಾಂಚು ನಡು ನೀರಿಗೆ ಬಂದಾಗ ಫೋನು ಜೀವ ಪಡೆಯಿತು. ಗುತ್ಯಮ್ಮ ಎತ್ತಲಿಲ್ಲ. ಮತ್ತೆ ಮಾಡಿದ, ಎತ್ತಲಿಲ್ಲ. ಪಕ್ಕದ ಮನೆಯ ಮಹಾಲಕ್ಷ್ಮೀಗೆ ಫೋನು ಹಚ್ಚಿದ. ಕಾಂಪೌಂಡಿನ ಮೇಲಿಂದ ನೋಡಿ ಅವಳು ಹೇಳಿದಳು, “ನಾಗೇಂದ್ರಣ್ಣ, ನಿಮ್ ಅಂಗಳದಲ್ಲಿ ದೊಡ್ಡ ಡಬ್ಬಿ ಇದೆ ನೋಡಿ. ಬಿಸ್ಲಲ್ಲೇ ಇದೆ. ಒಳಗೆಂತ ಇದ್ಯೋ ಕಾಣಲ್ಲ. ಅಜ್ಜಿ ಕಾಣಲ್ಲ.”

“ಹತ್ರ ಹೋಗಿ ನೋಡು ತಂಗಿ, ನಿನ್ನ ದಮ್ಮಯ್ಯ!”

“ಅಯ್ಯಪ್ಪಾ, ಜೀವ ಹೋದ್ರೂ ಹೋಗಲ್ಲ” ಎಂದು ಮಹಾಲಕ್ಷ್ಮೀ ಫೋನಿಟ್ಟಳು.

ಹೊಳೆಬಾಗಿಲಿನಿಂದ ಸಾಗರದವರೆಗೆ ಓಮ್ನಿ ಅಷ್ಟು ವೇಗವಾಗಿ ಹೋಗಬಲ್ಲದು ಎಂದು ಅದನ್ನು ಮಾಡಿದವರಿಗೂ ಗೊತ್ತಿರಲಿಲ್ಲ. ನಾಗೇಂದ್ರನ ಕಣ್ಣಲ್ಲಿ ನೀರು ಬರುತ್ತಿತ್ತು. ಬಣ್ಣ ಇಳಿಯದೆ ಹೋಗಿದ್ದರೆ ಹಣೆಬರಹ ಎಂದು ಸುಮ್ಮನಾಗಬಹುದಿತ್ತು. ಈಗ ಇಳಿದಿತ್ತೋ ಇಲ್ಲವೋ ಎಂಬುದೂ ಗೊತ್ತಾಗದ ಹಾಗೆ, ತಾನೇ ಸುಟ್ಟುಹಾಕಿದಂತಾಯಿತಲ್ಲ. ಹಿಂದಿನ ಸೀಟಿನಲ್ಲಿ ಧನ್ಯಶ್ರೀ, “ಅಜ್ಜಿ ಹಂಗೆಲ್ಲ ಮಾಡಲ್ಲ ಅಪ್ಪ” ಎಂದಳು. “ನಾ ಹೇಳಿದ್ದನ್ನ ಅವ್ಳು ಯಾವತ್ತು ಮೀರಿದಾಳೆ?” ಎಂದ ನಾಗೇಂದ್ರ. ಅದೇ ಅವನ ಹೆದರಿಕೆ. ಆ ಹುಳದ ವಿಷಯದಲ್ಲಿ ಅವನ ಮಾತೇ ಅವಳಿಗೆ ವೇದವಾಕ್ಯ.

ಅಂಗಳದಲ್ಲಿ ಡಬ್ಬಿ ಇತ್ತು. ನಾಗೇಂದ್ರ ಗಾಡಿ ನಿಲ್ಲುವ ಮೊದಲೇ ಇಳಿದು ಓಡಿದ. ಡಬ್ಬಿ ಮುಟ್ಟಿದರೆ ಕೈ ಸುಡುತ್ತಿತ್ತು. ಒಳಗೆ ಒದ್ದೆ ಕಾಗದ ಒಣಗಿ ಸುರುಟಿಕೊಂಡಿತ್ತು. ಬೇರೆ ಏನೂ ಇರಲಿಲ್ಲ. ಕೆಂಪಿಯೂ ಇಲ್ಲ, ಮರಿಯೂ ಇಲ್ಲ.

“ಅಮ್ಮಾ!”

“ಕಿರುಚ್ಬೇಡ ಕಣಾ, ಬೆಚ್ಚಿ ಬೀಳ್ತಾವೆ” ಎಂಬ ಧ್ವನಿ ಬಚ್ಚಲುಮನೆಯ ಕಡೆಯಿಂದ ಬಂತು.

ಗುತ್ಯಮ್ಮ ಬಚ್ಚಲುಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು, ಕಾಲು ಚಾಚಿ, ಕಾವಲು ಕೂತಿದ್ದಳು. ಒಳಗೆ ಮಬ್ಬು ಬೆಳಕು. ತಣ್ಣನೆಯ ನೆಲದ ಮೇಲೆ ಅವಳ ಎರಡು ಹಳೆಯ ಹತ್ತಿ ಸೀರೆಗಳನ್ನು ಮಡಿಸಿ ಹಾಸಿತ್ತು. ಮೂಲೆಯಲ್ಲಿ ಕೆಂಪಿ ಸುರುಳಿ ಸುತ್ತಿ ಮಲಗಿತ್ತು. ಅದರ ಸುತ್ತಮುತ್ತ ಸೀರೆಯ ಮಡಿಕೆಗಳಲ್ಲೆಲ್ಲ ಬೆರಳು ಗಾತ್ರದ ಮರಿಗಳು. ಎಲ್ಲವೂ ಜೀವಂತ. ನಾಲಿಗೆ ಆಡಿಸುತ್ತಿದ್ದವು.

ನಾಗೇಂದ್ರನಿಗೆ ಹೋದ ಜೀವ ಬಂತು. ಅವನು ಅಲ್ಲೇ ಹೊಸ್ತಿಲಲ್ಲಿ ಕೂತುಬಿಟ್ಟ.

“ನಿಂಗೆ ಬುದ್ಧಿ ನೆಟ್ಟಗಿದ್ಯಾ?” ಎಂದು ಗುತ್ಯಮ್ಮ ಶುರುಮಾಡಿದಳು. “ಬಿಸ್ಲಿಗೆ ಹಾಕು ಅಂತೀಯಲ್ಲ? ನೀ ಹೇಳಿದ್ಯಲ್ಲ ಅಂತ ಎಳ್ಕೊಂಡು ಹೋಗಿ ಹಾಕ್ದೆ. ಅಂಗಳದಲ್ಲಿ ನನ್ ಕಾಲೇ ಸುಟ್ಟೋತು. ಅವು ಬಾಯಿ ಬಾಯಿ ಬಿಡ್ತಾವೆ. ಹಸಿ ಬಾಣಂತಿನ ಯಾರಾದ್ರೂ ಬಿಸ್ಲಲ್ಲಿ ಕೂರ್ಸ್ತಾರೇನಾ? ಮೂರು ಹೆತ್ತೀನಿ ನಾನು, ನಂಗೆ ಗೊತ್ತಿಲ್ವಾ? ಹುಳದ ವಿಷ್ಯ ನಿಂಗೇ ಗೊತ್ತಿರ್ಬೋದು, ಬಾಣಂತನ ನಿಂಗೆಂತ ಗೊತ್ತು? ನಿನ್ ಮಾತು ಕೇಳಿದ್ದೇ ತಪ್ಪಾತು ಅಂತ ತಿರುಗ್ಸಿ ತಂದೆ.”

“ಡಬ್ಬಿ ಅಲ್ಲೇ ಇದ್ಯಲ್ಲ ಅತ್ತೆ?” ಎಂದಳು ಸುಚಿತ್ರಾ.

“ಇಳಿಸ್ಬೇಕಾದ್ರೆ ಇಳೀತು. ಮೆಟ್ಲು ಹತ್ತಿಸಕ್ಕೆ ಆಗ್ಲಿಲ್ಲ. ಅದ್ಕೆ ಉಡಿಯಲ್ಲಿ ಹಾಕ್ಕಂಡು ತಂದೆ.”

ಹೊಸ್ತಿಲು ದಾಟದವಳು, ಹೆಸರು ಹಿಡಿಯದವಳು, ಒಂದೊಂದೇ ಮರಿಯನ್ನು ಕೈಯಲ್ಲಿ ಎತ್ತಿ, ಸೆರಗಿನ ಉಡಿಯಲ್ಲಿ ತುಂಬಿಕೊಂಡು, ಮಂಡಿನೋವಿನ ಕಾಲಿನಲ್ಲಿ ಮೆಟ್ಟಿಲು ಹತ್ತಿ ಇಳಿದು ಮಾಡಿದ್ದಳು. “ದೊಡ್ಡದನ್ನ?” ಎಂದು ಕೇಳಿದ ನಾಗೇಂದ್ರ. “ಅದನ್ನೂ. ತಬ್ಬಿ ಎತ್ತಿದೆ, ಸುಮ್ನೆ ಬಂತು ಪಾಪ. ಸುಸ್ತಾಗಿತ್ತು. ಹುಲ್ಲುಹೊರೆ ಹೊತ್ತೋಳಿಗೆ ಅದೆಂತ ಭಾರ?” ಅವಳ ಎರಡು ಕೈಗಳ ಮೇಲೂ ಸೂಜಿ ಚುಚ್ಚಿದಂತೆ ಸಣ್ಣ ಸಣ್ಣ ಗೀರುಗಳಿದ್ದವು. ಮರಿಗಳು ಹೆದರಿ ಕಚ್ಚಿದ್ದವು. ಅದನ್ನು ಅವಳು ಸೆರಗಿನಡಿ ಮುಚ್ಚಿಕೊಂಡಳು.

ಧನ್ಯಶ್ರೀ ಬಚ್ಚಲಿನ ಲೈಟು ಹಾಕಿದಳು.

ಆಗ ನಾಗೇಂದ್ರನಿಗೆ ನೆನಪಾಯಿತು, ತಾನು ಇಷ್ಟು ವರ್ಷ ಕಾದದ್ದು ಯಾತಕ್ಕೆ ಎಂದು. ಅವನಿಗೆ ನೋಡಲು ಧೈರ್ಯ ಬರಲಿಲ್ಲ. ಮೊದಲು ಕಣ್ಣಿಗೆ ಬಿದ್ದದ್ದು ಕಂದು ಮರಿ. ಪಕ್ಕದಲ್ಲಿ ಇನ್ನೊಂದು ಕಂದು. ಮತ್ತೊಂದು ಕಂದು. ಆಮೇಲೆ ಅವನು ಹಳೆಯ ಸೀರೆಯ ಒಂದು ಮಡಿಕೆಯನ್ನು ಮೆಲ್ಲಗೆ ಎತ್ತಿದ. ಅಡಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡು ಮಲಗಿದ್ದವು ಜೋನಿಬೆಲ್ಲದ ಮರಿಗಳು. ಒಂದಲ್ಲ, ಎರಡಲ್ಲ, ಹೆಚ್ಚುಕಡಿಮೆ ಅರ್ಧದಷ್ಟು. ಎಳೆ ಮೈಯ ಮೇಲೆ ಬಲ್ಬಿನ ಬೆಳಕು ಬಿದ್ದು ಕೆಂಪು, ಚಿನ್ನ ಎಲ್ಲ ಒಟ್ಟಿಗೆ ಹೊಳೆಯಿತು.

ಬಣ್ಣ ಇಳಿದಿತ್ತು. ನಾಗೇಂದ್ರ ಅತ್ತುಬಿಟ್ಟ. ನಲವತ್ತು ದಾಟಿದ ಗಂಡಸು ಬಚ್ಚಲುಮನೆಯಲ್ಲಿ ಕೂತು, ಹೆಂಡತಿ ಮಗಳ ಎದುರಿಗೆ, ನಾಚಿಕೆ ಬಿಟ್ಟು ಅತ್ತ. ಸುಚಿತ್ರಾ ಏನೂ ತಮಾಷೆ ಮಾಡಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟಳು.

ಮರಿಗಳೆಲ್ಲ ಮೊದಲ ಪೊರೆ ಬಿಟ್ಟು, ಬಣ್ಣ ಇನ್ನೂ ತಿಳಿಯಾದ ಮೇಲೆ, ಫೋಟೋ ತೆಗೆದು ಗುಂಪಿಗೆ ಹಾಕುವ ದಿನ ಬಂತು. ಹಿರಿಯರು ನೋಡಿ ಒಪ್ಪಿದರು: ಇದು ವಂಶದ ಬಣ್ಣ, ಹೊಸದು, ಹೆಸರು ಹೇಳಪ್ಪ ಎಂದರು. ನಾಗೇಂದ್ರ ಫೋನು ಹಿಡಿದುಕೊಂಡು ಜಗಲಿಯಲ್ಲಿ ಕೂತ. ಪಕ್ಕದಲ್ಲಿ ಗುತ್ಯಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೈಯ ಮೇಲಿನ ಗೀರುಗಳು ಮಾಸುತ್ತಿದ್ದವು. ಅವನು ಆ ಕೈಗಳನ್ನು ನೋಡಿದ. ಆಮೇಲೆ ಬೆರಳಾಡಿಸಿ ಒಂದು ಹೆಸರು ಬರೆದು ಕಳಿಸಿಬಿಟ್ಟ.

“ಎಂತ ಇಟ್ಟೆ?” ಎಂದಳು ಗುತ್ಯಮ್ಮ, ತಲೆ ಎತ್ತದೆ.

“ಗುತ್ಯಮ್ಮ.”

ಮಗ ತನ್ನನ್ನೇ ಹೆಸರು ಹಿಡಿದು ಕರೆದ ಎಂದುಕೊಂಡು ಅವಳು ಬೆಚ್ಚಿ ನೋಡಿದಳು. “ಆ ಬಣ್ಣದ ಹೆಸ್ರು ಅಮ್ಮ. ಇನ್ಮೇಲೆ ಆ ಬಣ್ಣಕ್ಕೆ ಎಲ್ರೂ ಗುತ್ಯಮ್ಮ ಅಂತಾರೆ” ಎಂದು ಅವನು ಬಿಡಿಸಿ ಹೇಳಿದ.

“ಥೂ, ಹುಚ್ಚಾ ನಿಂಗೆ? ಹುಳಕ್ಕೆ ನನ್ ಹೆಸ್ರಾ?” ಎಂದಳು. ಬೀಜ ಬಿಡಿಸುವ ಕೈ ಮಾತ್ರ ನಿಂತಿತ್ತು. ಆಮೇಲೆ ಅವಳೇ ಹೇಳಿದಳು. “ನನ್ ಹೆಸ್ರು ಹಿಡಿದು ಕರ್ದಿದ್ದು ನನ್ ಅಪ್ಪ, ಅವ್ವ. ಅಷ್ಟೇ. ನಿನ್ ಅಪ್ಪ ಕೂಗಿದ್ದು ಬರೀ ‘ಏ’ ಅಂತ. ಆಮೇಲೆ ಅತ್ತೆ ಆದೆ, ಅಮ್ಮ ಆದೆ, ಅಜ್ಜಿ ಆದೆ. ಮೊಮ್ಮಕ್ಳಿಗೆ ಯಾರಿಗಾದ್ರೂ ಇಡ್ತೀರೇನೋ ಅಂತಿದ್ದೆ. ಹಳೇ ಹೆಸ್ರು, ಯಾರಿಗ್ ಬೇಕು ಅಂತ ಸುಮ್ನಾದೆ.”

ಧನ್ಯಶ್ರೀ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾಗೇಂದ್ರನಿಗೆ ಇದು ಗೊತ್ತೇ ಇರಲಿಲ್ಲ.

ಮರುದಿನ ಕೊಲ್ಕತ್ತಾದಿಂದ ಒಬ್ಬರು ಫೋನು ಮಾಡಿದರು. ಬೋವಾ ಸಾಕುವವರೇ. ಫೋಟೋ ನೋಡಿ ಮರುಳಾಗಿದ್ದರು. ನಾಗೇಂದ್ರ ಗ್ಯಾರೇಜಿನಲ್ಲಿ ಬಣ್ಣ ಬೆರೆಸುತ್ತಿದ್ದ, ಕೈ ತುಂಬ ಬಣ್ಣ, ಹಾಗಾಗಿ ಫೋನು ಜೋರಾಗಿ ಕೇಳುವಂತೆ ಇಟ್ಟಿದ್ದ. ಆ ಮನುಷ್ಯ ಹಿಂದಿಯಲ್ಲಿ ಏನೇನೋ ಹೇಳುತ್ತ ನಡುನಡುವೆ ‘ಗುಟಿಯಾಮಾ, ಗುಟಿಯಾಮಾ’ ಎನ್ನುತ್ತಿದ್ದ.

ಮಧ್ಯಾಹ್ನದ ಬುತ್ತಿ ಹಿಡಿದು ಮೊಮ್ಮಗಳ ಜೊತೆ ಗ್ಯಾರೇಜಿಗೆ ಬಂದಿದ್ದ ಗುತ್ಯಮ್ಮ ಅದನ್ನು ಕೇಳಿಸಿಕೊಂಡಳು. ಆಮೇಲೆ ಫೋನನ್ನು ಎತ್ತಿ ಬಾಯಿಯ ಹತ್ತಿರ ಹಿಡಿದಳು. “ಹಂಗಲ್ಲ ಮಾರಾಯಾ. ಗುತ್ಯಮ್ಮ. ಗು... ತ್ಯ... ಮ್ಮ. ಹೇಳು ನೋಡಾಣ.”

ಕನ್ನಡ ಬಾರದಿದ್ದರೂ ಆ ಕಡೆಯವನಿಗೆ ಅರ್ಥವಾಗಿರಬೇಕು. ತಡವರಿಸುತ್ತ, ಆದರೆ ಸರಿಯಾಗಿ ಹೇಳಿದ, “ಗುತ್ಯಮ್ಮ.”

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

“ಹಾಂ. ಇನ್ನೊಂದ್ ಸಲ ಹೇಳು” ಎಂದಳು.